ತಕ್ಕಡಿಗೆ ಹಚ್ಚಿದ ಗಂಧ

2022ರ ದಸರೆಯ ಹೊತ್ತಿಗೆ ನಾನು ದಕ್ಷಿಣ ಗೋವಾದ ಸಾಂಗೆ ತಾಲ್ಲೂಕಿನ ಒಂದು ಶೂಟಿಂಗ್ ಕ್ಲಬ್ಬಿನಲ್ಲಿ ರೇಂಜ್ ಸೇಫ್ಟಿ ಆಫೀಸರ್ ಆಗಿದ್ದೆ. ಸೇನೆಯಲ್ಲಿ ನಾನು ಆರ್ಮರರ್. ಬಂದೂಕು, ಪಿಸ್ತೂಲುಗಳನ್ನು ಬಿಚ್ಚಿ, ರಿಪೇರಿ ಮಾಡಿ, ಮತ್ತೆ ಜೋಡಿಸುವುದು ನನ್ನ ಕಸುಬು. ಸುಬೇದಾರನಾಗಿ ನಿವೃತ್ತನಾದ ಮೇಲೆ ಊರಾದ ಮುದ್ದೇಬಿಹಾಳಕ್ಕೆ ಹಿಂತಿರುಗದೆ, ಮಗಳ ಸಂಸಾರವಿದ್ದ ವಾಸ್ಕೋದಲ್ಲೇ ಮನೆ ಮಾಡಿದೆ. ಸುಮ್ಮನೆ ಕೂರುವ ಸ್ವಭಾವ ನನ್ನದಲ್ಲ. ಕ್ಲಬ್ಬಿನವರು ಕರೆದ ತಕ್ಷಣ ಒಪ್ಪಿಕೊಂಡೆ. ಗಣಿಗಾರಿಕೆ ನಿಂತು ಖಾಲಿ ಬಿದ್ದಿದ್ದ ಕೆಂಪು ಮಣ್ಣಿನ ದಿಬ್ಬಗಳ ನಡುವೆ ನಮ್ಮ ರೇಂಜ್ ಇತ್ತು. ಗುಂಡು ಹೋಗಿ ನಾಟಿಕೊಳ್ಳಲು ಅಂಥ ದಿಬ್ಬಕ್ಕಿಂತ ಒಳ್ಳೆಯ ಗೋಡೆ ಬೇರೆ ಬೇಕಿರಲಿಲ್ಲ.

ಕಾಡತೂಸುಗಳನ್ನು ಕೈಯಿಂದ ಮರುಭರ್ತಿ ಮಾಡುವ ಪರವಾನಗಿ ನಮ್ಮ ಕ್ಲಬ್ಬಿಗೆ ಇತ್ತು. ಇದಕ್ಕೆ ಹ್ಯಾಂಡ್‌ಲೋಡಿಂಗ್ ಎನ್ನುತ್ತಾರೆ. ಪಿಸ್ತೂಲು ಹಾರಿಸಿದಾಗ ಹೊರಗೆ ಬೀಳುವ ಹಿತ್ತಾಳೆಯ ಖೋಖಾವನ್ನು ಆಯ್ದು, ತೊಳೆದು, ಪ್ರೆಸ್ಸಿನಲ್ಲಿ ಅಳತೆಗೆ ತಂದು, ತಳಕ್ಕೆ ಕಿಡಿ ಹೊತ್ತಿಸುವ ಹೊಸ ಪ್ರೈಮರ್ ಕೂರಿಸಿ, ಒಳಗೆ ತೂಗಿದ ಪೌಡರ್ ಎಂಬ ಮದ್ದು ಸುರಿದು, ಬಾಯಿಗೆ ಬುಲೆಟ್ ಒತ್ತಿದರೆ ಕಾಡತೂಸು ಸಿದ್ಧ. ಹೇಳುವುದು ಸುಲಭ. ಪೌಡರನ್ನು ತೂಗುವುದು ಗ್ರೇನ್ ಎಂಬ ಅಳತೆಯಲ್ಲಿ. ಮೂರು ಅಕ್ಕಿಕಾಳು ಸೇರಿದರೆ ಹೆಚ್ಚುಕಡಿಮೆ ಒಂದು ಗ್ರೇನ್. ಪಿಸ್ತೂಲಿನ ಕಾಡತೂಸಿಗೆ ಬೀಳುವುದೇ ಕೆಲವು ಗ್ರೇನ್. ಸೆಮಿ-ಆಟೊಮ್ಯಾಟಿಕ್ ಪಿಸ್ತೂಲಿಗಂತೂ ಎರಡೂ ಕಡೆ ಭಯ. ಪೌಡರ್ ಕಡಿಮೆಯಾದರೆ ಪಿಸ್ತೂಲಿನ ಮೇಲ್ಭಾಗದ ಸ್ಲೈಡ್ ಪೂರ್ತಿ ಹಿಂದೆ ಸರಿಯದೆ ಸಿಕ್ಕಿಕೊಳ್ಳುತ್ತದೆ. ಹೆಚ್ಚಾದರೆ ಖೋಖಾ ಸೀಳಿ, ಬೆಂಕಿಯಂಥ ಗಾಳಿ ಹಿಡಿಕೆಯ ಒಳಗಿಂದ ಹಾರಿಸುವವರ ಅಂಗೈಗೆ ನುಗ್ಗುತ್ತದೆ.

ಆ ವರ್ಷ ನಮ್ಮ ಸದಸ್ಯರು ಹೊರರಾಜ್ಯದ ಒಂದು ಸ್ಪರ್ಧೆಗೆ ಹೊರಟಿದ್ದರು. ಅಲ್ಲಿ ಪವರ್ ಫ್ಯಾಕ್ಟರ್ ಎಂಬ ನಿಯಮವಿದೆ. ಬುಲೆಟ್ಟಿನ ತೂಕವನ್ನು ಅದರ ವೇಗದಿಂದ ಗುಣಿಸಿ ಲೆಕ್ಕ ಹಾಕುತ್ತಾರೆ. ಅದು ಒಂದು ಮಟ್ಟಕ್ಕಿಂತ ಕೆಳಗಿದ್ದರೆ ನಿಮ್ಮ ಗುರಿ ಎಷ್ಟು ಚೆನ್ನಾಗಿದ್ದರೂ ಉಪಯೋಗವಿಲ್ಲ. ಆದ್ದರಿಂದ ಜೋರಾದ ಕಾಡತೂಸುಗಳೇ ಬೇಕಿದ್ದವು. ಕೈಪಿಡಿ ಹೇಳುವ ಗರಿಷ್ಠ ಮಿತಿಗೆ ಸ್ವಲ್ಪವೇ ಕೆಳಗಿನ ತೂಕವೊಂದನ್ನು ನಾನೇ ಗೊತ್ತುಮಾಡಿದ್ದೆ. ಒಂದೇ ಸಲಕ್ಕೆ ಅಲ್ಲಿಗೆ ಹಾರಿದ್ದಲ್ಲ. ಕೆಳಗಿನಿಂದ ಹಂತಹಂತವಾಗಿ ಏರಿಸುತ್ತ, ಪ್ರತಿ ಹಂತದಲ್ಲೂ ಖೋಖಾದ ತಳ ಉಬ್ಬಿದೆಯೇ, ಪ್ರೈಮರ್ ಚಪ್ಪಟೆಯಾಗಿದೆಯೇ ಎಂದು ಭೂತಗನ್ನಡಿ ಹಿಡಿದು ನೋಡಿದ್ದೆ. ಅಷ್ಟು ಮೇಲಿನ ತೂಕದಲ್ಲಿ ತಪ್ಪಿಗೆ ಜಾಗ ಇರುವುದಿಲ್ಲ ಎಂದು ಎಲ್ಲರಿಗೂ ಪಾಠ ಹೇಳುತ್ತಿದ್ದವನೂ ನಾನೇ.

ಲೋಡಿಂಗ್ ಕೋಣೆಯ ಕೆಲಸ ಮೌಲಾಸಾಬನದು. ಇಂಡಿ ಕಡೆಯವನು; ಮೊದಲು ಡಿಚೋಲಿಯಲ್ಲಿ ಅದಿರಿನ ಟಿಪ್ಪರ್ ಓಡಿಸುತ್ತಿದ್ದ. ಗಣಿ ನಿಂತು ಟಿಪ್ಪರುಗಳು ತುಕ್ಕು ಹಿಡಿದಾಗ ನಮ್ಮಲ್ಲಿಗೆ ಕಾವಲುಗಾರನಾಗಿ ಬಂದ. ಅವನ ಕೈಯ ಸ್ಥಿಮಿತ ನೋಡಿ ನಾನೇ ಒಳಗೆ ಕರೆದುಕೊಂಡೆ, ಕಲಿಸಿದೆ, ಅವನ ಹೆಸರನ್ನು ಪರವಾನಗಿಗೆ ಸೇರಿಸಿದೆ. ಅವನ ಮನೆ ವಾಸ್ಕೋದ ಮಂಗೋರ್ ಹಿಲ್‌ನಲ್ಲಿ. ದಿನಾ ಬೆಳಿಗ್ಗೆ ಗುಡ್ಡದ ಕೆಳಗೆ ನಿಂತಿರುತ್ತಿದ್ದ. ನನ್ನ ಹಳೇ ಮಾರುತಿಯಲ್ಲಿ ಹತ್ತಿಸಿಕೊಂಡು ಹೋಗಿ ಸಂಜೆ ಅಲ್ಲೇ ಇಳಿಸುತ್ತಿದ್ದೆ. ದಾರಿಯುದ್ದಕ್ಕೂ ನಮ್ಮ ಕಡೆಯ ಮಾತು. ಇಡೀ ಕ್ಲಬ್ಬಿನಲ್ಲಿ ಕನ್ನಡ ಮಾತಾಡುವವರು ನಾವಿಬ್ಬರೇ ಆಗಿದ್ದರಿಂದ ಅವನ ಬಗ್ಗೆ ನನಗೆ ತಮ್ಮನಂಥ ಸಲಿಗೆ ಇತ್ತು ಎಂದು ನಂಬಿದ್ದೆ.

ಕೋಣೆಯ ನಿಯಮಗಳು ನನ್ನವು. ಮೇಜಿನ ಮೇಲೆ ಒಂದೇ ಡಬ್ಬಿ ಪೌಡರ್ ಇರಬೇಕು. ಮೊಬೈಲ್ ಹೊರಗೆ. ಕೆಲಸ ನಡೆಯುವಾಗ ಮಾತಿಲ್ಲ. ಗೋವಾದ ಹವೆಗೆ ಪೌಡರ್ ತೇವ ಹಿಡಿಯದಿರಲೆಂದು ಡೀಹ್ಯುಮಿಡಿಫೈಯರ್, ಅಂದರೆ ಗಾಳಿಯ ತೇವ ಹೀರುವ ಯಂತ್ರ, ಹಗಲೂ ರಾತ್ರಿ ಓಡುತ್ತಿತ್ತು. ಬೆಳಿಗ್ಗೆ ಮೊದಲು ಎಲೆಕ್ಟ್ರಾನಿಕ್ ತಕ್ಕಡಿಯ ಮೇಲೆ ಖಾಲಿ ತಟ್ಟೆ ಇಟ್ಟು ಸೊನ್ನೆ ಮಾಡಬೇಕು. ಆಮೇಲೆ ಚೆಕ್ ವೇಟ್ ಎಂಬ, ತೂಕ ಗೊತ್ತಿರುವ ಪುಟ್ಟ ಹಿತ್ತಾಳೆ ಬಟ್ಟನ್ನು ಇಟ್ಟು ತಕ್ಕಡಿ ನಿಜ ಹೇಳುತ್ತಿದೆಯೇ ಎಂದು ನೋಡಬೇಕು. ಸ್ಪರ್ಧೆಯ ಕಾಡತೂಸಾದರೆ ಪ್ರತಿಯೊಂದರ ಪೌಡರನ್ನೂ ತಟ್ಟೆಯಲ್ಲಿ ಬೇರೆಯಾಗಿ ತೂಗಿ ಸುರಿಯಬೇಕು. ಮೌಲಾ ಇದರಲ್ಲಿ ಒಂದನ್ನೂ ತಪ್ಪಿಸಿದವನಲ್ಲ.

ಖಂಡೇನವಮಿಯ ಪೂಜೆಯೂ ನಾನು ತಂದದ್ದೇ. ಪಲ್ಟನ್ನಿನಲ್ಲಿ ಆ ದಿನ ಎಲ್ಲ ಆಯುಧಗಳನ್ನು ಸಾಲಾಗಿ ಇಟ್ಟು ಪೂಜೆ ಮಾಡುವುದು ವಾಡಿಕೆ. ಆ ಅಭ್ಯಾಸ ಬಿಡಲಾಗದೆ ಕ್ಲಬ್ಬಿನಲ್ಲೂ ಶುರುಮಾಡಿದೆ. ಪಿಸ್ತೂಲುಗಳಿಗೆ, ಪ್ರೆಸ್ಸಿಗೆ, ತಕ್ಕಡಿಗೆ ಉಂಗುರಬೆರಳಿನಿಂದ ಗಂಧ, ಅದರ ಮೇಲೆ ಕುಂಕುಮ, ಅದು ಹಸಿಯಿರುವಾಗಲೇ ಅಕ್ಷತೆ. ಚೆಂಡುಹೂವು, ಕಾಯಿ, ಮಂಡಕ್ಕಿ. ಸದಸ್ಯರು ಹೆಂಡಿರು ಮಕ್ಕಳೊಡನೆ ಬರುತ್ತಿದ್ದರು. ಮೌಲಾನೂ ನಿಂತು ಕಾಯಿಚೂರು ತಿಂದು ಹೋಗುತ್ತಿದ್ದ. ದಶಮಿಯ ಮರುದಿನ ನಾನೇ ಒದ್ದೆಬಟ್ಟೆ ಹಿಡಿದು ಎಲ್ಲವನ್ನೂ ಒರೆಸಿ, ಆಮೇಲೆ ಕೆಲಸ ಶುರು. ಪೂಜೆ ಎಷ್ಟು ಚೆನ್ನಾಗಿ ನಡೆಯಿತು ಎಂದು ಯಾರಾದರೂ ಹೊಗಳಿದರೆ ಮೀಸೆಯ ಮೇಲೆ ಕೈ ಹೋಗುತ್ತಿತ್ತು.

ಆ ವರ್ಷ ಪೂಜೆ ಮುಗಿಸಿದವನೇ ಬನ್ನಿ ಕೊಡಲು ಊರಿಗೆ ಹೋದೆ. ಅಣ್ಣನಿಗೆ ಮೈ ಸರಿಯಿರಲಿಲ್ಲ. ಎರಡು ದಿನಕ್ಕೆಂದು ಹೋದವನು ಇನ್ನೆರಡು ದಿನ ಉಳಿದೆ. ಇತ್ತ ಸ್ಪರ್ಧೆ ಹತ್ತಿರ ಬಂದಿತ್ತು. ಅಭ್ಯಾಸಕ್ಕೆ ಕಾಡತೂಸು ಬೇಕು ಎಂದು ಕ್ಲಬ್ಬಿನ ಕಾರ್ಯದರ್ಶಿ ಮೌಲಾನಿಗೆ ಕೋಣೆಯ ಬೀಗ ತೆಗೆಸಿ ಕೆಲಸ ಹೇಳಿದರು. ನನಗೂ ಫೋನ್ ಮಾಡಿ ಕೇಳಿದರು. ಅವನು ಮಾಡುತ್ತಾನೆ, ನಾನಿಲ್ಲದಿದ್ದರೇನು ಎಂದು ಒಪ್ಪಿಗೆ ಕೊಟ್ಟೆ. ತಕ್ಕಡಿಯ ಗಂಧ ಒರೆಸಿಲ್ಲ ಎಂಬುದು ನನ್ನ ತಲೆಗೆ ಬರಲೇ ಇಲ್ಲ.

ನಾನು ಹಿಂತಿರುಗಿದ ಮರುದಿನ ಭಾನುವಾರ, ಅಭ್ಯಾಸದ ದಿನ. ಮೌಲಾ ಭರ್ತಿ ಮಾಡಿಟ್ಟಿದ್ದ ಡಬ್ಬಿಯಿಂದ ಮೊದಲ ಸಾಲಿನ ನಾಲ್ಕಾರು ಕಾಡತೂಸುಗಳ ಉದ್ದ ಅಳೆದು, ಸರಿ ಎಂದು ಕೊಟ್ಟೆ. ಹಾರಿಸಿದವರು ಡಾಕ್ಟರ್ ನೆಲ್ಸನ್, ಮಡಗಾಂವಿನ ದಂತವೈದ್ಯರು. ಮೊದಲ ಮ್ಯಾಗಜೀನಿನ ಗುಂಡುಗಳು ಸಲೀಸಾಗಿ ಹೋದವು. ಎರಡನೆಯದನ್ನು ಅವರು ಡಬ್ಬಿಯಿಂದ ಕೈಗೆ ಸಿಕ್ಕಂತೆ ತುಂಬಿಕೊಂಡಿದ್ದರು; ಅದರ ನಡುವೆ ಸದ್ದು ಬದಲಾಯಿತು. ಇನ್ನಷ್ಟು ಗಡುಸಾಗಿ, ಕಿವಿಗೆ ಚುಚ್ಚುವ ಹಾಗೆ. ನೆಲ್ಸನ್ ಕತ್ತು ತಿರುಗಿಸಿ, "ಇವತ್ತು ಏಟು ಜೋರಾಗಿದೆ" ಎಂದು ಇಂಗ್ಲಿಷಿನಲ್ಲಿ ಅಂದರು. ನಿಲ್ಲಿಸಿ ಎಂದು ಕೈ ಎತ್ತುವಷ್ಟರಲ್ಲಿ ಅವರು ಮುಂದಿನದನ್ನು ಹಾರಿಸಿ ಆಗಿತ್ತು. ಖೋಖಾ ಸೀಳಿತು. ಮ್ಯಾಗಜೀನ್ ಕಳಚಿ ಕೆಳಗೆ ಬಿತ್ತು, ಹಿಡಿಕೆಯ ಎರಡೂ ಪಟ್ಟಿ ಒಡೆದವು. ಕನ್ನಡಕ ಹಾಕಿದ್ದರಿಂದ ಕಣ್ಣು ಉಳಿಯಿತು. ಬಲ ಅಂಗೈ ಹರಿದು ರಕ್ತ ಸುರಿಯತೊಡಗಿತು. ಹಲ್ಲು ಕೀಳುವ, ಕಟ್ಟುವ ಕೈ ಅದು.

ಎಲ್ಲರಿಗಿಂತ ಮೊದಲು ಓಡಿಬಂದವನು ಮೌಲಾ. ಹತ್ತಿ ತುರುಕಿ, ಡಾಕ್ಟರ ಕೈಯನ್ನು ತನ್ನ ಎರಡೂ ಕೈಗಳಲ್ಲಿ ಅದುಮಿ ಹಿಡಿದು ಕುಳಿತಿದ್ದ. ಅವನ ಅಂಗಿಯೆಲ್ಲ ರಕ್ತ. ನಾನು ಒಡೆದ ಪಿಸ್ತೂಲನ್ನು ಎತ್ತಿಕೊಂಡು ನೋಡಿದೆ. ಪೌಡರ್ ಹೆಚ್ಚಾಗಿದೆ ಎಂದು ಹೇಳಲು ಭೂತಗನ್ನಡಿ ಬೇಕಾಗಿರಲಿಲ್ಲ. ಸುತ್ತ ಸದಸ್ಯರು ನಿಂತಿದ್ದರು, ಕಾರ್ಯದರ್ಶಿ ನಿಂತಿದ್ದರು. ಅಷ್ಟು ಜನರ ಮುಂದೆ ನಾನು ಮೌಲಾನನ್ನು ಕೇಳಿದೆ: "ಖರೇ ಹೇಳು ಮೌಲಾ, ಯಾರ ಹೇಳಿದ್ರು ನಿನಗ ಇದನ್ನ ಮಾಡಂತ?"

ಈ ಮಾತನ್ನು ಬರೆಯುವಾಗ ಈಗಲೂ ಕೈ ಹಿಂಜರಿಯುತ್ತದೆ. ಸೇನೆಯಲ್ಲಿ ನನ್ನ ಕೈಕೆಳಗಿನ ಎಷ್ಟೋ ಹುಡುಗರು ತಪ್ಪು ಮಾಡಿದ್ದಾರೆ. ಅವರನ್ನು ಬೈದಿದ್ದೇನೆ, ಓಡಿಸಿದ್ದೇನೆ, ಆದರೆ ಕೇಳಿದ್ದು ಯಾವಾಗಲೂ ‘ಹೇಗೆ ತಪ್ಪಿದೆ’ ಎಂದೇ. ಯಾರು ಹೇಳಿಕೊಟ್ಟರು ಎಂದು ಯಾರನ್ನೂ ಕೇಳಿರಲಿಲ್ಲ. ಆ ಪ್ರಶ್ನೆ ಇವನಿಗೆ ಮಾತ್ರ ನನ್ನ ಬಾಯಿಂದ ಯಾಕೆ ಬಂತು ಎಂಬುದು ನನಗೆ ಗೊತ್ತು, ಓದುತ್ತಿರುವ ನಿಮಗೂ ಗೊತ್ತು. ಮೌಲಾ ತಲೆ ಎತ್ತಿ ನನ್ನನ್ನು ನೋಡಿದ. "ಯಾರ ಹೇಳ್ತಾರ್ರಿ ಸಾಹೇಬ್ರ?" ಎಂದಷ್ಟೇ ಹೇಳಿ ಮತ್ತೆ ಡಾಕ್ಟರ ಕೈಯನ್ನು ಅದುಮಿ ಹಿಡಿದ. ನಾನು ಕನ್ನಡದಲ್ಲಿ ಕೇಳಿದ್ದನ್ನು ಕಾರ್ಯದರ್ಶಿ ಏನೆಂದು ವಿಚಾರಿಸಿದರು. ನಾನೇ ಹಿಂದಿಯಲ್ಲಿ ಹೇಳಿದೆ.

ಸಂಜೆ ಅವನು ಎಂದಿನಂತೆ ನನ್ನ ಕಾರಿನ ಹತ್ತಿರ ಬಂದು ನಿಂತ. ನಾನು ಕಾರು ಹತ್ತಿ, ಬಾಗಿಲು ಹಾಕಿಕೊಂಡು ಹೊರಟೆ. ಕನ್ನಡಿಯಲ್ಲಿ ಅವನು ಕಂಡ, ರಕ್ತದ ಅಂಗಿಯಲ್ಲೇ. ಅಂಥ ಅಂಗಿಯಲ್ಲಿ ಯಾವ ಬಸ್ಸಿನವನು ಹತ್ತಿಸಿಕೊಳ್ಳುತ್ತಾನೆ ಎಂಬ ಯೋಚನೆ ಬಂತು, ಬಂದರೂ ನಿಲ್ಲಿಸಲಿಲ್ಲ.

ಇಂಥ ಘಟನೆಯನ್ನು ಠಾಣೆಗೆ ತಿಳಿಸಲೇಬೇಕು. ಪೊಲೀಸರು ಬಂದು ಹೇಳಿಕೆ ತೆಗೆದುಕೊಂಡರು. ನನ್ನ ಪ್ರಶ್ನೆ ಅಷ್ಟರಲ್ಲಿ ಎಲ್ಲರ ಬಾಯಲ್ಲೂ ಓಡಾಡಿ ಒಂದು ಸಂಶಯವಾಗಿ ಗಟ್ಟಿಯಾಗಿತ್ತು. ಮೌಲಾನ ಫೋನನ್ನು ಅವರು ಇಟ್ಟುಕೊಂಡರು. ಕರೆದಾಗಲೆಲ್ಲ ಬರಬೇಕು, ಗೋವಾ ಬಿಟ್ಟು ಹೋಗಬಾರದು ಎಂದರು. ಕೇಸು ಯಾವ ಕಲಮಿನಲ್ಲಿ ಎಂಬುದು ಕ್ಲಬ್ಬಿನ ತಾಂತ್ರಿಕ ವರದಿ ಬಂದ ಮೇಲೆ ಎಂದು ಹೇಳಿ ಹೋದರು. ಆ ವರದಿ ಬರೆಯಬೇಕಾದವನು ನಾನು. ಅವನು ಮನೆಯಲ್ಲಿರುತ್ತಾನೋ ಜೈಲಿನಲ್ಲೋ ಎಂಬುದು ನನ್ನ ಪೆನ್ನಿಗೆ ಬಂದು ನಿಂತಿತ್ತು.

ಆಸ್ಪತ್ರೆಗೆ ಹೋದಾಗ ನೆಲ್ಸನ್ ಕೈಗೆ ಹೊಲಿಗೆ ಹಾಕಿಸಿಕೊಂಡು ಮಲಗಿದ್ದರು. ಎರಡು ಬೆರಳುಗಳಿಗೆ ಸ್ಪರ್ಶ ಗೊತ್ತಾಗುತ್ತಿರಲಿಲ್ಲ; ವಾಪಸ್ ಬರುತ್ತದೆ, ಎಷ್ಟು ದಿನ ಎಂದು ಹೇಳಲಾಗದು ಎಂದು ಅಲ್ಲಿಯ ವೈದ್ಯರು ಹೇಳಿದರಂತೆ. ನಾನು ಕ್ಷಮೆ ಕೇಳಿದೆ. ಅವರು, "ನನಗೆ ಯಾರ ಮೇಲೂ ದೂರಿಲ್ಲ, ಸುಬೇದಾರ್. ಏನಾಯಿತು ಅಂತ ಮಾತ್ರ ಗೊತ್ತಾಗಬೇಕು," ಎಂದರು. ಪೆಟ್ಟು ತಿಂದವರು ಕೇಳಿದ ಪ್ರಶ್ನೆ ಅದು. ಅಲ್ಲಿಯವರೆಗೆ ನಾನು ಆ ಪ್ರಶ್ನೆಯನ್ನೇ ಕೇಳಿರಲಿಲ್ಲ.

ಮರುದಿನ ಕೋಣೆ ತೆರೆದು ಉಳಿದ ಕಾಡತೂಸುಗಳನ್ನು ಬಿಚ್ಚಲು ಕೂತೆ. ಸುತ್ತಿಗೆಯಂಥ ಒಂದು ಉಪಕರಣವಿದೆ, ಬುಲೆಟ್ ಪುಲ್ಲರ್; ಕಾಡತೂಸನ್ನು ಅದರ ಬಾಯಿಗೆ ಸಿಕ್ಕಿಸಿ ಕಟ್ಟೆಗೆ ಬಡಿದರೆ ಬುಲೆಟ್ ಕಳಚಿ ಬಂದು ಪೌಡರ್ ಒಳಗೆ ಉಳಿಯುತ್ತದೆ. ಬಿಚ್ಚುವುದು, ತೂಗುವುದು, ಮತ್ತೆ ಬಿಚ್ಚುವುದು. ತಕ್ಕಡಿಯ ಮೇಲೆ ಸಂಶಯವಿದ್ದುದರಿಂದ ಬೇರೆ ತಟ್ಟೆ ಇಟ್ಟು, ಪ್ರತಿ ಸಲವೂ ಚೆಕ್ ವೇಟ್ ಇಟ್ಟು ನೋಡಿದೆ. ತಕ್ಕಡಿ ಸರಿಯಿತ್ತು. ಮೌಲಾ ಡಬ್ಬಿಯಲ್ಲಿ ಸಾಲುಸಾಲಾಗಿ, ಮಾಡಿದ ಕ್ರಮದಲ್ಲೇ ಜೋಡಿಸುತ್ತಿದ್ದ. ಮೊದಲ ಸಾಲುಗಳಲ್ಲಿ ಉಳಿದಿದ್ದವು ಕರಾರುವಾಕ್ಕಾಗಿ ಸರಿ. ನಡುವಿನ ಒಂದು ಸಾಲಿನಿಂದ ಮುಂದಕ್ಕೆ ಎಲ್ಲದರಲ್ಲೂ ಹತ್ತಿರಹತ್ತಿರ ಒಂದು ಗ್ರೇನ್ ಹೆಚ್ಚು. ಒಂದರಲ್ಲಿ ಜಾಸ್ತಿ ಒಂದರಲ್ಲಿ ಕಡಿಮೆ ಎಂದಲ್ಲ. ಕೊನೆಯವರೆಗೂ ಅದೇ ಒಂದು ಗ್ರೇನ್.

ಬೇಜವಾಬ್ದಾರಿಯಿಂದ ಮಾಡಿದವನ ಕೆಲಸ ಹೀಗಿರುವುದಿಲ್ಲ. ಅದು ಅಲ್ಲಲ್ಲಿ ತಪ್ಪುತ್ತದೆ. ಬೇಕೆಂದೇ ಮಾಡುವವನೂ ಒಂದೋ ಎರಡೋ ಕಾಡತೂಸಿನಲ್ಲಿ ಮಾಡಿ ಕೈತೊಳೆದುಕೊಳ್ಳುತ್ತಾನೆ. ಇಲ್ಲಿ ತೂಗುವವನು ಮೊದಲಿನಿಂದ ಕೊನೆಯವರೆಗೂ ಅದೇ ಎಚ್ಚರದಿಂದ, ಅದೇ ಅಂಕಿ ಬರುವವರೆಗೆ ತೂಗಿದ್ದಾನೆ. ಬದಲಾಗಿರುವುದು ತೂಗುವ ಪಾತ್ರೆ. ಹಾಗೆ ಅನಿಸಿದ ಮೇಲೆ ಪಕ್ಕಕ್ಕಿಟ್ಟಿದ್ದ ಮೌಲಾನ ತಟ್ಟೆಯನ್ನು ಎತ್ತಿ, ಕಿಟಕಿಯ ಬೆಳಕಿಗೆ ಹಿಡಿದೆ.

ತಟ್ಟೆಯ ಹೊರಮೈಯಲ್ಲಿ ಉಂಗುರಬೆರಳಿನ ತುದಿಯಷ್ಟು ಅಗಲದ ಒಂದು ಗುರುತು. ಅಂಚಿನಲ್ಲಿ ತೆಳ್ಳಗೆ ಕೆಂಪು, ನಡುವೆ ಬರಿಯ ಲೋಹ. ಮೇಜಿನ ಮೇಲೆ, ಖೋಖಾಗಳನ್ನು ನಿಲ್ಲಿಸುವ ಮರದ ಪಟ್ಟಿಯ ಹಿಂದೆ, ಒಣಗಿದ ಗಂಧದ ಹಕ್ಕಳೆಯೊಂದು ಬಿದ್ದಿತ್ತು. ಅದಕ್ಕೆ ಅಕ್ಷತೆಯ ಎರಡು ಕಾಳು ಇನ್ನೂ ಅಂಟಿಕೊಂಡಿದ್ದವು. ಚಿಮಟದಲ್ಲಿ ಎತ್ತಿ ತಕ್ಕಡಿಗೆ ಹಾಕಿದೆ. ಒಂದು ಗ್ರೇನಿಗೆ ಕೂದಲೆಳೆಯಷ್ಟು ಕಡಿಮೆ.

ನಡೆದದ್ದು ಇಷ್ಟು. ಮೌಲಾ ಆ ಬೆಳಿಗ್ಗೆ, ನಿಯಮದಂತೆ, ಖಾಲಿ ತಟ್ಟೆ ಇಟ್ಟು ಸೊನ್ನೆ ಮಾಡಿದ್ದ. ಗಂಧವೂ ಸೇರಿ ಸೊನ್ನೆ. ಚೆಕ್ ವೇಟ್ ಇಟ್ಟರೆ ತಕ್ಕಡಿ ಸರಿಯಾಗೇ ತೋರಿಸಿತ್ತು. ಯಂತ್ರದ ಒಣಗಾಳಿಗೆ ಬಿರಿದಿದ್ದ ಗಂಧ, ಪೌಡರ್ ಸುರಿಯಲು ತಟ್ಟೆಯನ್ನು ಮತ್ತೆಮತ್ತೆ ಬಗ್ಗಿಸಿದಾಗ ಒಂದು ಸಲ ಉದುರಿತು. ಅಲ್ಲಿಂದ ತಟ್ಟೆ ಹಗುರವಾಯಿತು; ಪೌಡರ್ ಹಾಕಿದ ಮೇಲೆಯೇ ತಟ್ಟೆಯನ್ನು ತಕ್ಕಡಿಗೆ ಇಡುತ್ತಿದ್ದುದರಿಂದ ಸೊನ್ನೆ ತಪ್ಪಿದ್ದು ಕಾಣಲಿಲ್ಲ. ಅದೇ ಅಂಕಿ ಬರಬೇಕಾದರೆ ಉದುರಿದ ಗಂಧದ ತೂಕದಷ್ಟು ಪೌಡರ್ ಹೆಚ್ಚು ಬೀಳಬೇಕು, ಬಿತ್ತು. ನಡುವೆ ಇನ್ನೊಮ್ಮೆ ಚೆಕ್ ವೇಟ್ ಇಡಬೇಕು ಎಂದು ನನ್ನ ನಿಯಮದಲ್ಲಿ ಇರಲಿಲ್ಲ. ಬೆರಳು ನನ್ನದು, ನಿಯಮ ನನ್ನದು, ಊರಿಗೆ ಹೋಗಿ ಕೂತವನೂ ನಾನೇ.

ಅಂದೇ ಮಧ್ಯಾಹ್ನ ಮಂಗೋರ್ ಹಿಲ್ ಹತ್ತಿದೆ. ನಾಲ್ಕು ವರ್ಷ ಗುಡ್ಡದ ಕೆಳಗೇ ಅವನನ್ನು ಇಳಿಸಿದವನಿಗೆ ಅವನ ಮನೆ ಯಾವ ಓಣಿಯಲ್ಲಿ ಎಂಬುದು ಗೊತ್ತಿರಲಿಲ್ಲ, ಕೇಳಿಕೊಂಡು ಹೋಗಬೇಕಾಯಿತು. ಒಂದು ಕೋಣೆ, ಮುಂದೆ ತಗಡಿನ ಇಳಿಜಾರು. ಅವನ ಹೆಂಡತಿ ಹಸೀನಾ ಚಾಪೆ ಹಾಸಿದಳು. "ಬರ್ರಿ ಸಾಹೇಬ್ರ, ನೀವು ಬಂದದ್ದು ಭಾಳ ಚಲೋ ಆತು. ಮೊನ್ನಿ ಭಾಳ ಹೊತ್ತು ಮಾಡಿ ಬಂದ್ರು ಇವ್ರು. ಸಾಹೇಬ್ರ ಕಾರು ಕೆಟ್ಟಿತ್ತು ಅಂದ್ರು," ಎಂದಳು. ನಾನು ಅವಳ ಮುಖ ನೋಡಲಾರದೆ ಕೂತೆ. ಅವಳು ಚಹಾ ಇಡಲು ಎದ್ದಳು.

ಮೌಲಾ ಎದುರಿಗೆ ಕೂತಿದ್ದ. ತಟ್ಟೆಯ ಗಂಧದ ವಿಷಯ ಹೇಳಿದೆ. ಅವನಿಗೆ ಆಶ್ಚರ್ಯವೇನೂ ಆಗಲಿಲ್ಲ. ಆ ಭಾನುವಾರ ಸಂಜೆ ಕೈಕಾಲು ತೊಳೆಯುವಾಗ ನೆನಪಾಗಿ, ಅದೇ ಇರಬೇಕು ಅಂತ ತನಗೂ ಅನಿಸಿತ್ತು ಎಂದ.

"ಗಂಧ ಇದ್ದದ್ದು ಕಂಡಿತ್ತಲ್ಲ, ಬೆಳಿಗ್ಗೆ ಯಾಕ ಒರಸಲಿಲ್ಲ ನೀ?" ಎಂದೆ. ದನಿಯಲ್ಲಿ ಇನ್ನೂ ಸ್ವಲ್ಪ ಗದರಿಕೆ ಇತ್ತು ಎಂದು ಒಪ್ಪಿಕೊಳ್ಳಬೇಕು.

ಅವನು ಚಾಪೆಯ ಅಂಚು ನೋಡುತ್ತ ಹೇಳಿದ: "ಮೊದಲನೇ ವರ್ಷ ಒರಸಾಕ ಹೋಗಿದ್ನೆಲ್ರಿ. ಬಟ್ಟಿ ಕೈಯಾಗಿತ್ತು. ನೀವ ಅಂದ್ರಿ, ‘ಮುಟ್ಟಬ್ಯಾಡ ಮೌಲಾ, ಅದು ಪೂಜಿದ್ದು, ನಾ ತಗೀತೇನಿ’ ಅಂತ. ಅದಕ್ಕ ಆವತ್ತಿಂದ ನಾ ಮುಟ್ಟಿಲ್ರಿ."

ಹಾಗೆ ಹೇಳಿದ್ದು ನನಗೆ ನೆನಪೇ ಇರಲಿಲ್ಲ. ಈಗಲೂ ನೆನಪಾಗುವುದಿಲ್ಲ. ಸಿಟ್ಟಿನಿಂದ ಹೇಳಿರಲಾರೆ, ದಾರಿಯಲ್ಲಿ ಹೋಗುವಾಗ ಅಂದಂತೆ ಅಂದು ಮರೆತಿದ್ದೇನೆ. ಕೇಳಿಸಿಕೊಂಡವನಿಗೆ ಮಾತ್ರ ಅದು ಗೋಡೆಯ ಮೇಲೆ ಬರೆಸಿದ ಎಲ್ಲ ನಿಯಮಗಳಿಗಿಂತ ದೊಡ್ಡ ನಿಯಮವಾಗಿ ಉಳಿದಿತ್ತು. ಅವನು ಅದನ್ನೂ ತಪ್ಪಿಸಲಿಲ್ಲ. ನಾಚಿಕೆಯೆಂದರೆ ಏನು ಎಂದು ನನಗೆ ಅರವತ್ತು ದಾಟಿದ ಮೇಲೆ, ಆ ಚಾಪೆಯ ಮೇಲೆ ಕೂತಾಗ ಗೊತ್ತಾಯಿತು.

"ಪೊಲೀಸರಿಗೆ ಯಾಕ ಹೇಳಲಿಲ್ಲ?" ಎಂದು ಕೇಳಿದೆ.

"ಏನಂತ ಹೇಳ್ಲಿ ಸಾಹೇಬ್ರ? ನಿಮ್ಮ ಪೂಜಿಯಿಂದ ಆತು ಅಂತ ನನ್ನ ಬಾಯಿಂದ ಬರಬೇಕೇನ್ರಿ?" ಅವನು ಒಳಗೆ ಹೆಂಡತಿ ಇದ್ದ ಕಡೆ ನೋಡಿ ದನಿ ತಗ್ಗಿಸಿದ. "ನೀವು ನನ್ನ ಕೈ ತಪ್ಪು ಅಂತ ಬರೀರಿ. ಕೈ ತಪ್ಪು ಅಂದ್ರ ನಾನೊಬ್ಬ ಹೋಗ್ತೇನಿ. ಪೂಜಿ ಹೆಸರು ಬಂದ್ರ ಮನಿಯವರೆಲ್ಲಾ ನನ್ನ ಜೋಡಿ ಸಿಗ್ತಾರ. ಈ ಓಣ್ಯಾಗ ನಾವು ಎಲ್ಲಾರ ಜೋಡಿ ಬಾಳೇ ಮಾಡಬೇಕ್ರಿ."

ಹಸೀನಾ ಚಹಾ ತಂದಳು. ಕುಡಿಯದೆ ಎದ್ದರೆ ಅವಳಿಗೆ ಸಂಶಯ ಬರುತ್ತದೆಂದು ಕುಡಿದೆ. ಬಾಗಿಲಲ್ಲಿ ಚಪ್ಪಲಿ ಹಾಕಿಕೊಳ್ಳುವಾಗ, "ಆವತ್ತು ನಾ ಕೇಳಿದ್ದು ತಪ್ಪಾತು ಮೌಲಾ," ಎಂದೆ. ಅವನು, "ಇರಲಿ ಬಿಡ್ರಿ," ಎಂದ. ಅದಕ್ಕಿಂತ ಅವನು ನನ್ನ ಕೆನ್ನೆಗೆ ಎರಡು ಬಿಟ್ಟಿದ್ದರೆ ಇಳಿಯುವಾಗ ಗುಡ್ಡ ಅಷ್ಟು ಉದ್ದವಾಗುತ್ತಿರಲಿಲ್ಲ.

ಕಾರ್ಯದರ್ಶಿಗೆ ಎಲ್ಲವನ್ನೂ ಹೇಳಿದೆ. ಅವರು ಕೆಟ್ಟ ಮನುಷ್ಯರಲ್ಲ, ಹೆದರಿದ ಮನುಷ್ಯರು. "ಆಪರೇಟರ್ ನಿರ್ಲಕ್ಷ್ಯ ಅಂತ ಬರೆಯಿರಿ. ನಾವು ಅವನಿಗೆ ಬೇರೆ ಎಲ್ಲಾದರೂ ಕೆಲಸ ನೋಡೋಣ. ಪೂಜೆ ಗೀಜೆ ಅಂತ ಕಾಗದದ ಮೇಲೆ ಬಂದರೆ ಹೊರಗೆ ಅದು ಏನಾಗುತ್ತದೆ ಹೇಳಿ," ಎಂದು ಕೊಂಕಣಿಯಲ್ಲಿ ಸಮಾಧಾನ ಮಾಡಿದರು. ಮೌಲಾ ಕೇಳಿದ್ದೂ ಅದನ್ನೇ. ಎಲ್ಲರಿಗೂ ಅನುಕೂಲವಾದ ಸುಳ್ಳು. ಅದನ್ನು ಹೊರುವವನೂ ಒಪ್ಪಿದ್ದಾನೆ. ಒಂದು ಗಳಿಗೆ ನನ್ನ ಮನಸ್ಸು ಆ ಕಡೆ ವಾಲಿತು ಎಂಬುದನ್ನೂ ಇಲ್ಲಿ ಬರೆದಿಡುತ್ತೇನೆ.

ಕೊನೆಗೆ ಪೂಜೆ ಎಂಬ ಪದವನ್ನು ಹಾಕದೆ, ಸುಳ್ಳನ್ನೂ ಹಾಕದೆ ಬರೆದೆ. ರೇಂಜ್ ಸೇಫ್ಟಿ ಆಫೀಸರ್ ಆದ ನಾನು ತೂಗುವ ತಟ್ಟೆಗೆ ಸ್ವಂತ ಕೈಯಿಂದ ಲೇಪನ ಹಚ್ಚಿದ್ದೆ. ಅದನ್ನು ಬೇರೆ ಯಾರೂ ತೆಗೆಯಬಾರದೆಂದು ಆಪರೇಟರಿಗೆ ಮೊದಲೇ ಆದೇಶಿಸಿದ್ದೆ. ಅದನ್ನು ತೆಗೆಯದೆ ಊರಿಗೆ ಹೋಗಿ, ಭರ್ತಿ ಕೆಲಸಕ್ಕೆ ಫೋನಿನಲ್ಲಿ ಒಪ್ಪಿಗೆ ಕೊಟ್ಟೆ. ಆಪರೇಟರ್ ಎಲ್ಲ ನಿಯಮಗಳನ್ನೂ ಪಾಲಿಸಿದ್ದಾನೆ. ಕೆಳಗೆ ನನ್ನ ಸಹಿ. ಠಾಣೆಗೆ ನಾನೇ ಹೋಗಿ ಕೊಟ್ಟೆ, ತಟ್ಟೆಯನ್ನೂ ಲಕೋಟೆಯಲ್ಲಿಟ್ಟು ಕೊಟ್ಟೆ. ‘ಯಾರು ಹೇಳಿದರು’ ಎಂದು ನಾನು ಕೇಳಿದ್ದು ಆಧಾರವಿಲ್ಲದ ಮಾತು ಎಂದೂ ಬಾಯಲ್ಲಿ ಹೇಳಿದೆ. ನೆಲ್ಸನ್ ದೂರು ಕೊಡಲಿಲ್ಲ. ಅಪಘಾತವೆಂದು ವಿಚಾರಣೆ ಮುಗಿಯಿತು. ಮೌಲಾನ ಫೋನೂ ತಟ್ಟೆಯೂ ವಾಪಸ್ ಬಂದವು. ನಾನು ರಾಜೀನಾಮೆ ಕೊಟ್ಟೆ. ನೆಲ್ಸನ್ನರ ಬೆರಳುಗಳಲ್ಲಿ ಒಂದಕ್ಕೆ ಸ್ಪರ್ಶ ಬಂತು, ಇನ್ನೊಂದು ಈಗಲೂ ಅರೆಬರೆ ಎಂದು ಕೇಳಿದ್ದೇನೆ.

ಕ್ಲಬ್ಬಿನವರು ನನಗೆ ಬೀಳ್ಕೊಡುಗೆ ಇಟ್ಟುಕೊಂಡರು. ಬೇಡವೆಂದರೂ ಕೇಳಲಿಲ್ಲ. ಶಾಲು ಹೊದಿಸಿದರು. ತಪ್ಪನ್ನು ಒಪ್ಪಿಕೊಳ್ಳುವ ಇಂಥ ದೊಡ್ಡ ಮನಸ್ಸು ಸೈನಿಕನಿಗೆ ಮಾತ್ರ ಇರುತ್ತದೆ ಎಂದು ಕಾರ್ಯದರ್ಶಿ ಮಾತಾಡಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಆ ಹೊತ್ತಿನಲ್ಲಿ ಮೌಲಾ ಚಹಾದ ಟ್ರೇ ಹಿಡಿದು ಸಾಲಿನ ಉದ್ದಕ್ಕೂ ಕೊಡುತ್ತ ಬರುತ್ತಿದ್ದ. ಅವನ ಬಗ್ಗೆ ಯಾರೂ ಒಂದು ಮಾತು ಆಡಲಿಲ್ಲ. ನನಗೆ ಶಾಲು ಮುಳ್ಳಿನಂತೆ ಚುಚ್ಚಿತು. ತೆಗೆದು ಅವನಿಗೆ ಹೊದಿಸಲೇ ಎಂದು ಯೋಚಿಸಿದೆ. ಅದಕ್ಕೂ ಚಪ್ಪಾಳೆ ನನಗೇ ಬೀಳುತ್ತದೆ, ಟ್ರೇ ಹಿಡಿದು ನಿಂತ ಅವನು ಮುಜುಗರಪಡುತ್ತಾನೆ ಎಂದು ಹೊಳೆದು ಸುಮ್ಮನೆ ಕೂತೆ.

ಈ ಕಸುಬಿನಲ್ಲಿ ಕಲಿತದ್ದನ್ನು ಹೇಳು ಎಂದರೆ ಇದನ್ನೇ ಹೇಳುತ್ತೇನೆ. ತಕ್ಕಡಿಯನ್ನು ದಿನಕ್ಕೆ ಹತ್ತು ಸಲ ಪರೀಕ್ಷಿಸಿ, ನಡುನಡುವೆ ಚೆಕ್ ವೇಟ್ ಇಡಿ, ಪೌಡರಿನ ಕೋಣೆಯಲ್ಲಿ ಯಾವ ಲೇಪನವೂ ಬೇಡ. ಅದೆಲ್ಲ ಈಗ ಅಲ್ಲಿಯ ನಿಯಮದಲ್ಲಿದೆ. ಆದರೆ ಮೇಲಿನವನ ಕೈಯ ತಪ್ಪನ್ನು ಕೆಳಗಿನವನು ಕೇಳದೆ ಒರೆಸಿ ಹಾಕಬಲ್ಲ ಅನ್ನುವವರೆಗೆ ಆ ಕೋಣೆಯಲ್ಲಿ ಯಾರೂ ಸುರಕ್ಷಿತರಲ್ಲ. ಆ ಅಧಿಕಾರವನ್ನು ಕಾಗದದ ಮೇಲೆ ಬರೆದುಕೊಟ್ಟರೆ ಸಾಲದು ಎಂಬುದು ಆ ಬೀಳ್ಕೊಡುಗೆಯ ದಿನವೇ ತಿಳಿಯಿತು.

ಸಭೆ ಮುಗಿದ ಮೇಲೆ ಬೀಗದ ಕೈ ಒಪ್ಪಿಸಲು ಲೋಡಿಂಗ್ ಕೋಣೆಗೆ ಹೋದೆ. ಮೌಲಾ ಮರುದಿನದ ಕೆಲಸಕ್ಕೆ ಮೇಜು ಅಣಿಮಾಡುತ್ತಿದ್ದ. ಠಾಣೆಯಿಂದ ಬಂದ ತಟ್ಟೆಯನ್ನು ಲಕೋಟೆಯಿಂದ ತೆಗೆದು ಮುಂದೆ ಇಟ್ಟುಕೊಂಡಿದ್ದ. ಹೊರಮೈಯಲ್ಲಿ ಕುಂಕುಮದ ಆ ತೆಳ್ಳನೆಯ ಸುತ್ತು ಹಾಗೇ ಇತ್ತು. ಅವನ ಕೈಯಲ್ಲಿ ಒದ್ದೆಬಟ್ಟೆ.

"ಒರಸಲ್ರೀ, ಸಾಹೇಬ್ರ?" ಎಂದು ಕೇಳಿದ.

"ನನ್ನ ಕೇಳಬ್ಯಾಡ ಮೌಲಾ. ಒರಸು," ಎಂದೆ.

"ಹೌದ್ರಿ," ಎಂದ. ನಾನು ಹೊಸ್ತಿಲು ದಾಟಿ, ಶಾಲು ಮಡಚಿ ಕಂಕುಳಲ್ಲಿ ಇಟ್ಟುಕೊಂಡು, ಒಮ್ಮೆ ತಿರುಗಿ ನೋಡಿದೆ. ಬಟ್ಟೆ ಹಿಡಿದು ಹಾಗೇ ನಿಂತಿದ್ದ. ನಾನು ಪೂರ್ತಿ ಹೋಗಲಿ ಎಂದು ಕಾಯುತ್ತಿದ್ದ.